ಸಾಬೂನಿನ ನೀರು ಎಣ್ಣೆಯನ್ನು ಒಳಗೊಳ್ಳುವ ಬಗೆಯನ್ನು ತಿಳಿಸಿಕೊಟ್ಟ ವಿಜ್ಞಾನಿ: ಪ್ರೊ. ಜೇಮ್ಸ್ ವಿಲಿಯಂ ಮ್ಯಾಕ್‌ಬೇನ್ (1882–1953)

ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ, ತಿಪಟೂರು ಹಾಗೂ ತುರುವೇಕೆರೆ ತಾಲ್ಲೂಕುಗಳು ತೆಂಗಿನ ಸೀಮೆಯೆಂದೇ ಪ್ರಸಿದ್ಧವಾಗಿರುತ್ತವೆ. ಇಲ್ಲಿನ ಅಟ್ಟಗಳಲ್ಲಿ ತಿಂಗಳುಗಟ್ಟಲೆ ಒಣಗಿ ಸಿದ್ಧವಾಗುವ ಉಂಡೆ ಕೊಬ್ಬರಿಯು ತಿಪಟೂರು ಮಾರುಕಟ್ಟೆಯ ಮೂಲಕ ಉತ್ತರ ಭಾರತದವರೆಗೂ ತಲುಪುತ್ತದೆ. ಉಂಡೆ ಕೊಬ್ಬರಿಯು ಮುಖ್ಯವಾಗಿ ತಿನ್ನುವುದಕ್ಕೆ ಸಲ್ಲುತ್ತದೆ. ಒಡಕು, ಚೂರು ಹಾಗೂ ಕೌಟಾದ ಕೊಬ್ಬರಿಯು ಗಾಣಕ್ಕೆ ಹೋಗಿ ಎಣ್ಣೆಯಾಗುತ್ತದೆ. ಕೊಬ್ಬರಿ ಎಣ್ಣೆಯ ಒಂದು ಪಾಲು ಸಾಬೂನಿನ ತಯಾರಿಕೆಗೆ ಬಳಕೆಯಾಗುತ್ತದೆ. ಎಣ್ಣೆಯಿಂದಲೇ ತಯಾರಾದ ಈ ವಸ್ತುವು ಎಣ್ಣೆಯ ಜಿಡ್ಡನ್ನೇ ನೀರಿನೊಳಕ್ಕೆ ಸೆಳೆದುಕೊಳ್ಳುವುದು ಹೇಗೆ ಎಂಬ ಪ್ರಶ್ನೆಗೆ ತಮ್ಮ ಆಯುಷ್ಯದ ಬಹುಭಾಗವನ್ನು ಮುಡಿಪಾಗಿಟ್ಟವರು ಪ್ರೊ. ಜೇಮ್ಸ್ ವಿಲಿಯಂ ಮ್ಯಾಕ್‌ಬೇನ್ ರವರು. ಸಾಬೂನು ಮತ್ತು ಮಾರ್ಜಕಗಳ ಕಿರು ಘಟಕ ಸ್ಥಾಪನೆಗಾಗಿ ಅರ್ಜಿ ಸಲ್ಲಿಸುವ ನಾಗರಿಕರ ಹಾಗೂ ತೆಂಗು ಬೆಳೆಗಾರರ ಅವಗಾಹನೆಗಾಗಿ ಸದರಿ ವಿಜ್ಞಾನಿಯ ಜೀವನ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಮ್ಯಾಕ್‌ಬೇನ್ ರವರು ಕೆನಡಾ ದೇಶದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಚಾಥಮ್ ಎಂಬ ಊರಿನಲ್ಲಿ 1882ರ ಮಾರ್ಚ್ 22ರಂದು ಜನಿಸಿದರು. ತಂದೆ ಕ್ರೈಸ್ತ ಧರ್ಮೋಪದೇಶಕರಾಗಿದ್ದರು. ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಪದವಿ ಪಡೆದ ನಂತರ, ಆ ಕಾಲದ ರಸಾಯನ ವಿಜ್ಞಾನದ ವಿದ್ಯಾರ್ಥಿಗಳೆಲ್ಲರೂ ಹಂಬಲಿಸುತ್ತಿದ್ದ ಜರ್ಮನಿಗೆ ತೆರಳಿ ಲೈಪ್‌ಜಿಗ್ ಹಾಗೂ ಹೈಡಲ್‌ಬರ್ಗ್ ನಗರಗಳಲ್ಲಿ ವ್ಯಾಸಂಗ ಮಾಡಿದರು. ಹೈಡಲ್‌ಬರ್ಗ್ ವಿಶ್ವವಿದ್ಯಾನಿಲಯವು 1909ರಲ್ಲಿ ಅವರಿಗೆ ಡಾಕ್ಟರೇಟ್ ಪದವಿಯನ್ನು ನೀಡಿತು. ಇದಕ್ಕೂ ಮೊದಲೇ, 1906ರಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಕಾಲೇಜಿನಲ್ಲಿ ಅಧ್ಯಾಪಕರಾಗಿ ಸೇರಿದ್ದರು. ಸದರಿ ಕಾಲೇಜು 1909ರಲ್ಲಿ ವಿಶ್ವವಿದ್ಯಾನಿಲಯವಾಯಿತು. ಮುಂದಿನ ಎರಡು ದಶಕಗಳ ಕಾಲ ಬ್ರಿಸ್ಟಲ್ ಅವರ ಕಾರ್ಯಕ್ಷೇತ್ರವಾಗಿತ್ತು.

ತಾಳೆಯಾಗದ ಲೆಕ್ಕ

ಬ್ರಿಸ್ಟಲಿನಲ್ಲಿ ಮ್ಯಾಕ್‌ಬೇನ್ ರವರು ಕೈಗೆತ್ತಿಕೊಂಡ ವಸ್ತು ಸಾಬೂನು. ಪ್ರತಿ ಮನೆಯ ಬಚ್ಚಲಲ್ಲಿಯೂ ಇರುವ ಈ ಪದಾರ್ಥವು ನೀರಿನಲ್ಲಿ ಕರಗಿದಾಗ ಯಾವ ಸ್ಥಿತಿಯಲ್ಲಿರುತ್ತದೆ ಎಂಬುದು ಆಗ ಯಾರಿಗೂ ಖಚಿತವಾಗಿ ತಿಳಿದಿರಲಿಲ್ಲ.

ಅಡುಗೆ ಉಪ್ಪು ನೀರಿನಲ್ಲಿ ಕರಗಿದಾಗ ವಿದ್ಯುದಂಶವುಳ್ಳ ಕಣಗಳಾಗಿ ಬಿಡಿಬಿಡಿಯಾಗುತ್ತದೆ. ಈ ಕಣಗಳನ್ನು ಎರಡು ರೀತಿಯಲ್ಲಿ ಲೆಕ್ಕ ಹಾಕಬಹುದು. ದ್ರಾವಣದ ಮೂಲಕ ವಿದ್ಯುತ್ತು ಎಷ್ಟು ಸರಾಗವಾಗಿ ಹರಿಯುತ್ತದೆ ಎಂಬುದು ಒಂದು ಅಳತೆ. ದ್ರಾವಣದ ಆವಿಯ ಒತ್ತಡ ಎಷ್ಟು ಕುಗ್ಗಿದೆ, ಕುದಿಯುವ ಬಿಂದು ಎಷ್ಟು ಏರಿದೆ ಎಂಬುದು ಇನ್ನೊಂದು. ಉಪ್ಪಿನ ವಿಷಯದಲ್ಲಿ ಈ ಎರಡೂ ಲೆಕ್ಕಗಳು ಹೆಚ್ಚು ಕಡಿಮೆ ತಾಳೆಯಾಗುತ್ತವೆ. ಸಾಬೂನಿನ ವಿಷಯದಲ್ಲಿ ಅವು ತಾಳೆಯಾಗಲಿಲ್ಲ. ವಿದ್ಯುತ್ತಿನ ಅಳತೆಯು ವಿದ್ಯುದಂಶವುಳ್ಳ ಕಣಗಳು ಧಾರಾಳವಾಗಿವೆ ಎಂದು ತೋರಿಸಿದರೆ, ಆವಿಯ ಅಳತೆಯು ಕಣಗಳ ಸಂಖ್ಯೆ ಅತ್ಯಲ್ಪವೆಂದು ತೋರಿಸುತ್ತಿತ್ತು. ಒಂದೇ ಖಾತೆಗೆ ಎರಡು ಬೇರೆ ಬೇರೆ ಶಿಲ್ಕು ಬಂದಂತಾಗಿತ್ತು.

ಸಾಬೂನು ನೀರಿನಲ್ಲಿ ಒಡೆದು ಕ್ಷಾರ ಬಿಡುಗಡೆಯಾಗುತ್ತದೆ, ವಿದ್ಯುತ್ತನ್ನು ಒಯ್ಯುವುದು ಆ ಕ್ಷಾರವೇ ಎಂದು ಹಲವರು ಸಮಾಧಾನ ಹೇಳಿಕೊಂಡಿದ್ದರು. ಮ್ಯಾಕ್‌ಬೇನ್ ರವರು ಹಾಗೂ ಸಂಗಡಿಗರು ಬಿಡಿ ಕ್ಷಾರದ ಪ್ರಮಾಣವನ್ನು ನೇರವಾಗಿ ಅಳೆದು, ಅದು ಬಹಳ ಕಡಿಮೆಯೆಂದು 1914ರ ವೇಳೆಗೆ ತೋರಿಸಿದರು. ಹಾಗಾದಲ್ಲಿ ಉಳಿಯುವ ವಿವರಣೆ ಒಂದೇ ಆಗಿತ್ತು. ಸಾಬೂನಿನ ಕಣಗಳು ನೀರಿನಲ್ಲಿ ಹತ್ತಾರು ಸಂಖ್ಯೆಯಲ್ಲಿ ಗುಂಪುಗೂಡುತ್ತವೆ. ಎಣಿಕೆಯಲ್ಲಿ ಇಡೀ ಗುಂಪು ಒಂದೇ ಕಣವಾದರೂ ಅದರ ಮೇಲಿನ ವಿದ್ಯುದಂಶವು ಹಾಗೆಯೇ ಇರುತ್ತದೆ. ಈ ವಿಚಾರವನ್ನು ಅವರು 1913ರಲ್ಲಿ ಫ್ಯಾರಡೆ ಸೊಸೈಟಿಯ ಚರ್ಚೆಯಲ್ಲಿ ಮಂಡಿಸಿದರು. ಇಂತಹ ಗುಂಪಿಗೆ ಮೈಸೆಲ್ ಎಂಬ ಹೆಸರು ನೆಲೆಗೊಂಡಿತು.

ಒಪ್ಪಿಗೆಯೇನೂ ಸುಲಭವಾಗಿ ದೊರೆಯಲಿಲ್ಲ. ಒಂದೇ ಬಗೆಯ ವಿದ್ಯುದಂಶವುಳ್ಳ ಕಣಗಳು ಪರಸ್ಪರ ದೂರ ತಳ್ಳಬೇಕಲ್ಲದೆ ಒಟ್ಟುಗೂಡುವುದುಂಟೇ ಎಂಬುದು ಅಂದಿನ ವಿದ್ವಾಂಸರ ಆಕ್ಷೇಪಣೆಯಾಗಿತ್ತು. ಲಂಡನ್ನಿನ ವಿದ್ವತ್ಸಭೆಯೊಂದರಲ್ಲಿ ಅಧ್ಯಕ್ಷರೇ ಈ ವಾದವನ್ನು ಅರ್ಥಹೀನವೆಂದು ತಳ್ಳಿಹಾಕಿದರೆಂಬ ಪ್ರತೀತಿಯು ರಸಾಯನ ವಿಜ್ಞಾನಿಗಳ ನಡುವೆ ಇಂದಿಗೂ ಇದೆ. ಮ್ಯಾಕ್‌ಬೇನ್ ರವರು ವಾದಕ್ಕಿಂತ ಅಳತೆಯನ್ನೇ ಹೆಚ್ಚು ನಂಬಿದವರು. ವರ್ಷದ ಮೇಲೆ ವರ್ಷ ಬೇರೆ ಬೇರೆ ಸಾಬೂನುಗಳನ್ನು, ಬೇರೆ ಬೇರೆ ಉಷ್ಣತೆಗಳಲ್ಲಿ ಅಳೆದು ಅಂಕಿಗಳನ್ನು ಪ್ರಕಟಿಸುತ್ತಲೇ ಹೋದರು. ಸಂಶಯಪಟ್ಟವರು ಕ್ರಮೇಣ ಒಪ್ಪಬೇಕಾಯಿತು.

ಸಾಬೂನಿನ ಕಣದ ರಚನೆಯನ್ನು ತಿಳಿದರೆ ಗುಂಪುಗೂಡುವಿಕೆಯ ಕಾರಣವು ಸ್ಪಷ್ಟವಾಗುತ್ತದೆ. ಕೊಬ್ಬರಿ ಎಣ್ಣೆಯ ಮೇದಾಮ್ಲಗಳಲ್ಲಿ ಸುಮಾರು ಅರ್ಧದಷ್ಟು ಲಾರಿಕ್ ಆಮ್ಲವಾಗಿರುತ್ತದೆ. ಇದರಲ್ಲಿ 12 ಇಂಗಾಲದ ಪರಮಾಣುಗಳ ಸರಪಳಿ ಇರುತ್ತದೆ. ಕಾಸ್ಟಿಕ್ ಕ್ಷಾರದೊಡನೆ ಕುದಿಸಿದಾಗ ಈ ಸರಪಳಿಯ ಒಂದು ತುದಿಯು ನೀರನ್ನು ಬಯಸುವ ತಲೆಯಾಗುತ್ತದೆ. ಉಳಿದ ಬಾಲವು ಎಣ್ಣೆಯ ಗುಣವನ್ನೇ ಉಳಿಸಿಕೊಂಡಿರುತ್ತದೆ. ನೀರಿನಲ್ಲಿ ಸಾಬೂನಿನ ಪ್ರಮಾಣವು ಒಂದು ಮಿತಿಯನ್ನು ದಾಟಿದೊಡನೆ ಬಾಲಗಳು ನೀರಿನಿಂದ ತಪ್ಪಿಸಿಕೊಂಡು ಒಳಮುಖವಾಗಿ ಕೂಡಿಕೊಳ್ಳುತ್ತವೆ, ತಲೆಗಳು ಹೊರಗೆ ನೀರಿನ ಕಡೆ ನಿಲ್ಲುತ್ತವೆ. ಲಾರಿಕ್ ಆಮ್ಲದ ಪೊಟ್ಯಾಸಿಯಂ ಸಾಬೂನಿಗೆ ಈ ಮಿತಿಯು ಲೀಟರಿಗೆ ಸುಮಾರು 6 ಗ್ರಾಂ. ಒಂದು ಮೈಸೆಲ್‌ನಲ್ಲಿ ಐವತ್ತರ ಆಸುಪಾಸು ಸಾಬೂನಿನ ಕಣಗಳಿರುತ್ತವೆ. ಅದರ ಅಡ್ಡಳತೆ ಸುಮಾರು 4 ನ್ಯಾನೋಮೀಟರ್. ಒಂದು ಮಿಲಿಮೀಟರಿನ ಹತ್ತು ಲಕ್ಷ ಪಾಲಿನಲ್ಲಿ ನಾಲ್ಕು ಪಾಲು ಮಾತ್ರ. ಆದಕಾರಣ ಮೈಸೆಲ್‌ಗಳಿರುವ ನೀರು ಕಣ್ಣಿಗೆ ತಿಳಿಯಾಗಿಯೇ ಕಾಣುತ್ತದೆ. ಕೊಳವೆ ಬಾವಿಯ ಗಡಸು ನೀರಿನಲ್ಲಿ ಸಾಬೂನು ಹೆಚ್ಚು ಖರ್ಚಾಗುವುದಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ: ನೀರಿನಲ್ಲಿರುವ ಸುಣ್ಣದ ಅಂಶವು ಸಾಬೂನನ್ನು ಗಷ್ಟಾಗಿಸಿ ಕಳೆದುಬಿಡುವುದರಿಂದ, ಉಳಿದ ಸಾಬೂನು ಮೇಲ್ಕಂಡ ಮಿತಿಯನ್ನು ಮುಟ್ಟುವುದೇ ತಡವಾಗುತ್ತದೆ.

ಅದೇ ಕಾಲಮಾನದಲ್ಲಿ ಮೈಸೂರು ಸಂಸ್ಥಾನದಲ್ಲಿಯೂ ಸಾಬೂನಿನ ಕೆಲಸ ನಡೆದಿತ್ತೆಂಬುದನ್ನು ಇಲ್ಲಿ ಸ್ಮರಿಸಬಹುದಾಗಿದೆ. ಮೊದಲನೆಯ ಮಹಾಯುದ್ಧದಿಂದಾಗಿ ಶ್ರೀಗಂಧದ ರಫ್ತು ನಿಂತುಹೋದಾಗ, ನಾಲ್ವಡಿ ಕೃಷ್ಣರಾಜ ಒಡೆಯರ್ ರವರ ಆಳ್ವಿಕೆಯಲ್ಲಿ ದಿವಾನ್ ಸರ್ ಎಂ. ವಿಶ್ವೇಶ್ವರಯ್ಯನವರು ಗಂಧದೆಣ್ಣೆಯನ್ನು ಸಂಸ್ಥಾನದಲ್ಲಿಯೇ ತೆಗೆಯುವ ವ್ಯವಸ್ಥೆ ಮಾಡಿದರು. ಸೋಸಲೆ ಗರಳಪುರಿ ಶಾಸ್ತ್ರಿಯವರನ್ನು ಹೆಚ್ಚಿನ ತರಬೇತಿಗಾಗಿ ಇಂಗ್ಲೆಂಡಿಗೆ ಕಳುಹಿಸಲಾಯಿತು. ಬೆಂಗಳೂರಿನ ಸರ್ಕಾರಿ ಸಾಬೂನು ಕಾರ್ಖಾನೆಯು 1918ರಲ್ಲಿ ಸ್ಥಾಪನೆಗೊಂಡು ಮೈಸೂರು ಸ್ಯಾಂಡಲ್ ಸಾಬೂನನ್ನು ತಯಾರಿಸತೊಡಗಿತು. ಮರುವರ್ಷ, ಅಂದರೆ 1919ರಲ್ಲಿ, ಸನ್‌ಲೈಟ್ ಸಾಬೂನಿನ ಉದ್ಯಮಿ ಲಾರ್ಡ್ ಲಿವರ್‌ಹ್ಯೂಮ್ ರವರ ದತ್ತಿಯಿಂದ ಬ್ರಿಸ್ಟಲ್ ವಿಶ್ವವಿದ್ಯಾನಿಲಯದಲ್ಲಿ ಸ್ಥಾಪಿತವಾದ ಭೌತ ರಸಾಯನ ವಿಜ್ಞಾನದ ಪ್ರಾಧ್ಯಾಪಕ ಹುದ್ದೆಗೆ ಮ್ಯಾಕ್‌ಬೇನ್ ರವರು ನೇಮಕಗೊಂಡರು. ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವವು 1923ರಲ್ಲಿ ಸಂದಿತು.

ಎಣ್ಣೆಯನ್ನು ಒಳಗೊಳ್ಳುವ ಮೈಸೆಲ್

ಮ್ಯಾಕ್‌ಬೇನ್ ರವರು 1920ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯಕ್ಕೆ ತೆರಳಿದರು. ಅಲ್ಲಿ ಕೈಗೊಂಡ ಕೆಲಸವೇ ಇಂದು ಔಷಧ, ಸುಗಂಧ ದ್ರವ್ಯ, ಶಾಂಪೂ ಮತ್ತು ಕೀಟನಾಶಕಗಳ ತಯಾರಿಕೆಯವರೆಗೆ ಉಪಯೋಗಕ್ಕೆ ಬರುತ್ತಿರುವುದು.

ಸಾಬೂನಿನ ನೀರು ಅಲ್ಪ ಪ್ರಮಾಣದ ಎಣ್ಣೆಯಂತಹ ದ್ರವಗಳನ್ನು ಕರಗಿಸಿಕೊಳ್ಳುತ್ತದೆಯೆಂಬುದು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕಂಡುಬಂದಿತ್ತು. ಆದರೆ ಇದು ನಿಜವಾದ ಕರಗುವಿಕೆಯೋ ಅಥವಾ ಎಣ್ಣೆಯ ಹನಿಗಳು ತೀರ ಸಣ್ಣದಾಗಿ ಒಡೆದು ತೇಲುತ್ತಿರುವುದೋ ಎಂಬುದು ಇತ್ಯರ್ಥವಾಗಿರಲಿಲ್ಲ. ಈ ವ್ಯತ್ಯಾಸವು ಪಂಡಿತರಿಗೆ ಮಾತ್ರ ಸಂಬಂಧಿಸಿದ್ದೆಂದು ಭಾವಿಸಬಾರದು. ತೇಲುವ ಹನಿಗಳು ಇಂದಲ್ಲ ನಾಳೆ ಕೂಡಿಕೊಂಡು ಮೇಲೆ ಕೆನೆಗಟ್ಟುತ್ತವೆ. ನಿಜವಾಗಿ ಕರಗಿದ್ದು ಬೇರ್ಪಡುವುದಿಲ್ಲ. ಬಾಟಲಿಯಲ್ಲಿ ತುಂಬಿ ಮಾರುವ ಯಾವುದೇ ವಸ್ತುವಿನ ತಯಾರಕರಿಗೆ ಲಾಭ ನಷ್ಟಗಳ ಪ್ರಶ್ನೆ ಇದು.

ಇತ್ಯರ್ಥಕ್ಕಾಗಿ ಮ್ಯಾಕ್‌ಬೇನ್ ರವರು ತಮ್ಮ ಸಹೋದ್ಯೋಗಿಯೊಡನೆ 1940ರ ಸುಮಾರಿಗೆ ನಡೆಸಿದ ಪ್ರಯೋಗವು ಅತ್ಯಂತ ಸರಳವಾದುದು. ಬೇಗನೆ ಆವಿಯಾಗುವ ತೈಲದ್ರವ ಮತ್ತು ಸಾಬೂನಿನ ದ್ರಾವಣಗಳು ಒಂದನ್ನೊಂದು ಮುಟ್ಟದಂತೆ ಒಂದೇ ಮುಚ್ಚಿದ ಅವಕಾಶದಲ್ಲಿ ಇದ್ದರೂ, ತೈಲವು ಆವಿಯ ರೂಪದಲ್ಲಿ ಸಾಗಿ ದ್ರಾವಣವನ್ನು ತಾನಾಗಿಯೇ ಸೇರುತ್ತದೆ. ಕಲಕುವುದಿಲ್ಲ, ಕುಲುಕುವುದಿಲ್ಲ, ಹನಿಯಾಗಿ ಒಡೆಯುವ ಸಂದರ್ಭವೇ ಇಲ್ಲ. ದ್ರಾವಣವು ತನ್ನ ಮಿತಿಯವರೆಗೆ ತುಂಬಿಕೊಳ್ಳುವ ತನಕ ಅದರ ಮೇಲಿನ ತೈಲದ ಆವಿಯ ಒತ್ತಡವು ಶುದ್ಧ ತೈಲದ ಒತ್ತಡಕ್ಕಿಂತ ಕಡಿಮೆಯಾಗಿಯೇ ಇರುತ್ತದೆ. ಇದರಿಂದ ಮೈಸೆಲ್‌ನೊಳಗಿನ ತೈಲವು ಸ್ಥಿರವಾಗಿ ಕರಗಿದ ಸ್ಥಿತಿಯಲ್ಲಿಯೇ ಇದೆಯೆಂಬುದು ಸಿದ್ಧವಾಯಿತು. ನೀರಿನಲ್ಲಿ ಕರಗದ ಬಣ್ಣಗಳನ್ನು ಬಳಸಿಯೂ ಅವರು ಹಲವಾರು ಅಳತೆಗಳನ್ನು ಮಾಡಿದರು. ಸಾಬೂನಿನ ಪ್ರಮಾಣವು ಮಿತಿಗಿಂತ ಕಡಿಮೆಯಿದ್ದಾಗ ನೀರು ಬಹುತೇಕ ಬಣ್ಣ ಹಿಡಿಯುವುದಿಲ್ಲ. ಮಿತಿಯನ್ನು ದಾಟಿದ ಮೇಲೆ ಸಾಬೂನು ಹೆಚ್ಚಿದಂತೆ ಬಣ್ಣವೂ ಏರುತ್ತದೆ. ಬಣ್ಣವು ವಾಸವಾಗಿರುವುದು ಮೈಸೆಲ್‌ಗಳಲ್ಲಿ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿರಲಿಲ್ಲ.

ಎಣ್ಣೆಯು ಒಳಸೇರಿದ ಮೇಲೆ ಮೈಸೆಲ್ ಮೊದಲಿನಂತೆಯೇ ಉಳಿಯುವುದಿಲ್ಲ. ಅದು ಉಬ್ಬುತ್ತದೆ. ಒಳಗಿನ ಎಣ್ಣೆಯನ್ನು ಸುತ್ತುವರಿಯಲು ಹೆಚ್ಚು ಹೊರಮೈ ಬೇಕಾಗುವುದರಿಂದ ಇನ್ನಷ್ಟು ಸಾಬೂನಿನ ಕಣಗಳು ಬಂದು ಸೇರಿಕೊಳ್ಳುತ್ತವೆ. ಅಂದರೆ ಪ್ರತಿ ಮೈಸೆಲ್‌ನ ಸದಸ್ಯರ ಸಂಖ್ಯೆ ಹೆಚ್ಚಿ, ಒಟ್ಟು ಮೈಸೆಲ್‌ಗಳ ಸಂಖ್ಯೆ ಕಡಿಮೆಯಾಗುತ್ತದೆ. ಎಣ್ಣೆಯ ನೆರವಿನಿಂದ ಗುಂಪುಗೂಡುವುದು ಸುಲಭವಾಗುವುದರಿಂದ, ಮೈಸೆಲ್ ಏರ್ಪಡಲು ಬೇಕಾದ ಕನಿಷ್ಠ ಸಾಬೂನಿನ ಪ್ರಮಾಣವೂ ಸ್ವಲ್ಪ ಇಳಿಯುತ್ತದೆ.

ಒಳಸೇರುವ ವಸ್ತುವಿನ ಸ್ವಭಾವಕ್ಕೆ ತಕ್ಕಂತೆ ಅದು ಕೂರುವ ಜಾಗವೂ ಬೇರೆಯಾಗುತ್ತದೆ. ಸೀಮೆಎಣ್ಣೆಯಲ್ಲಿರುವಂತಹ, ನೀರಿನ ನಂಟೇ ಇಲ್ಲದ ವಸ್ತುಗಳು ನಡುವಿನ ತಿರುಳಿಗೆ ಹೋಗುತ್ತವೆ. ಬೆಂಜೀನಿನಂತಹವು ತಿರುಳಿನಲ್ಲಿಯೂ ಹೊರಮೈಯ ಹತ್ತಿರವೂ ಹಂಚಿಕೊಂಡಿರುತ್ತವೆ. ಒಂದು ತುದಿಯಲ್ಲಿ ನೀರನ್ನು ಬಯಸುವ ಭಾಗವಿರುವ ಆಲ್ಕೊಹಾಲ್ ವರ್ಗದ ವಸ್ತುಗಳು ಸಾಬೂನಿನ ಕಣಗಳ ನಡುವೆ ಬೇಲಿಯ ಗೂಟಗಳಂತೆ ನಿಂತುಕೊಳ್ಳುತ್ತವೆ. ಶ್ರೀಗಂಧದ ಎಣ್ಣೆಯ ಮುಖ್ಯ ಅಂಶವಾದ ಸ್ಯಾಂಟಲಾಲ್ ಈ ಕೊನೆಯ ವರ್ಗಕ್ಕೆ ಸೇರುತ್ತದೆ. ಹೀಗೆ ನಡುವೆ ನಿಲ್ಲುವ ವಸ್ತುಗಳು ತಲೆಗಳ ನಡುವಣ ತಳ್ಳಾಟವನ್ನು ತಗ್ಗಿಸುವುದರಿಂದ ಗುಂಡಗಿದ್ದ ಮೈಸೆಲ್ ಉದ್ದನೆಯ ಕೋಲಿನಂತೆ ಬೆಳೆಯಬಹುದು. ಆಗ ದ್ರಾವಣವು ಗಟ್ಟಿಯಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಕೋಲಿನಂತಿದ್ದ ಮೈಸೆಲ್‌ನ ತಿರುಳಿಗೆ ಎಣ್ಣೆ ತುಂಬಿದರೆ ಅದು ತುಂಡಾಗಿ ಗುಂಡಗಾಗಬಹುದು, ದ್ರಾವಣವು ತೆಳುವಾಗುತ್ತದೆ. ಸುಗಂಧವನ್ನು ಬೆರೆಸಿದ ಕೂಡಲೇ ದ್ರವ ಸಾಬೂನು ಕೆಲವೊಮ್ಮೆ ನೀರಾಗುವುದು, ಕೆಲವೊಮ್ಮೆ ಲೋಳೆಯಂತಾಗುವುದು ಈ ಕಾರಣದಿಂದ. ಕಿರು ಘಟಕದವರು ಇದನ್ನು ಕಚ್ಚಾ ಮಾಲಿನ ಕಲಬೆರಕೆಯೆಂದು ತಪ್ಪಾಗಿ ತಿಳಿಯುವುದುಂಟು.

ಮಿತಿಯೊಂದನ್ನು ಇಲ್ಲಿ ಹೇಳಲೇಬೇಕು. ಒಳಸೇರುವ ಕಣವು ದೊಡ್ಡದಾದಷ್ಟೂ ಮೈಸೆಲ್‌ಗೆ ಹಿಡಿಸುವ ಪ್ರಮಾಣವು ಕಡಿಮೆ. ಕೊಬ್ಬರಿ ಎಣ್ಣೆ, ಬೇವಿನ ಎಣ್ಣೆಗಳ ಕಣಗಳು ಮೂರು ಸರಪಳಿಗಳುಳ್ಳ ದೊಡ್ಡ ಕಣಗಳಾದ್ದರಿಂದ ಅವು ಹಾಗೆಯೇ ಮೈಸೆಲ್ ಒಳಗೆ ಸೇರುವುದು ಅತ್ಯಲ್ಪ. ತೆಂಗು ಬೆಳೆಗಾರರಿಗೆ ಇದರ ಉದಾಹರಣೆ ತೋಟದಲ್ಲಿಯೇ ದೊರೆಯುತ್ತದೆ. ತೆಂಗಿನ ನುಸಿ ಪೀಡೆಯು 1998ರಲ್ಲಿ ಕೇರಳದಲ್ಲಿ ವರದಿಯಾಗಿ ಅನಂತರ ಕರ್ನಾಟಕಕ್ಕೂ ಹರಡಿದಾಗ, 10 ಲೀಟರ್ ನೀರಿಗೆ 200 ಮಿಲಿ ಲೀಟರ್ ಬೇವಿನ ಎಣ್ಣೆ, 200 ಗ್ರಾಂ ಬೆಳ್ಳುಳ್ಳಿಯ ರಸ ಮತ್ತು 50 ಗ್ರಾಂ ಬಾರ್ ಸೋಪು ಬೆರೆಸಿದ ಸಿಂಪಡಣೆಯನ್ನು ಶಿಫಾರಸು ಮಾಡಲಾಗಿತ್ತು. ಇಲ್ಲಿ ಲೀಟರಿಗೆ 5 ಗ್ರಾಂ ಸಾಬೂನು, 20 ಮಿಲಿ ಲೀಟರ್ ಎಣ್ಣೆ ಇರುತ್ತದೆ. ಇಷ್ಟು ಸಾಬೂನಿನ ಮೈಸೆಲ್‌ಗಳು ಇಷ್ಟು ಎಣ್ಣೆಯನ್ನು ಒಳಗೊಳ್ಳಲು ಸಾಧ್ಯವೇ ಇಲ್ಲ. ಆದುದರಿಂದ ಮಿಶ್ರಣವು ಹಾಲಿನಂತೆ ಬೆಳ್ಳಗಾಗುತ್ತದೆ; ಎಣ್ಣೆಯು ಹನಿಗಳಾಗಿ ತೇಲುತ್ತಿರುತ್ತದೆ, ಸಾಬೂನು ಆ ಹನಿಗಳ ಸುತ್ತ ಪೊರೆಯಾಗಿ ನಿಂತಿರುತ್ತದೆ. ಇದನ್ನು ಚೆನ್ನಾಗಿ ಕಲಕಿ ಅಂದೇ ಸಿಂಪಡಿಸಿ ಮುಗಿಸಬೇಕು ಎಂಬ ಸೂಚನೆಯ ಹಿಂದಿನ ಕಾರಣ ಇದೇ ಆಗಿರುತ್ತದೆ. ತಿಳಿಯಾಗಿದ್ದರೆ ಮೈಸೆಲ್, ಹಾಲಿನಂತಿದ್ದರೆ ಹನಿ ಎಂದು ಸ್ಥೂಲವಾಗಿ ಗುರುತಿಸಬಹುದು.

ಎಣ್ಣೆಸ್ನಾನದ ದಿನ ಸೀಗೆಪುಡಿ, ಅಂಟುವಾಳಗಳು ಜಿಡ್ಡನ್ನು ತೆಗೆಯುವುದೂ ಇದೇ ಬಗೆಯಲ್ಲಿ. ಅವುಗಳಲ್ಲಿರುವ ಸಪೋನಿನ್ ಎಂಬ ವಸ್ತುವಿಗೂ ತಲೆ ಬಾಲಗಳೆರಡೂ ಇವೆ. ಮನುಷ್ಯನ ಕರುಳಿನಲ್ಲಿ ಪಿತ್ತರಸದ ಲವಣಗಳು ಸಾಬೂನಿನ ಪಾತ್ರವನ್ನು ವಹಿಸುತ್ತವೆ. ಆಹಾರದ ಜಿಡ್ಡು ಮೊದಲು ಚಿಕ್ಕ ಭಾಗಗಳಾಗಿ ಒಡೆದು, ಅನಂತರ ಎ, ಡಿ, ಇ ಮತ್ತು ಕೆ ಜೀವಸತ್ವಗಳೊಡನೆ ಮೈಸೆಲ್‌ಗಳನ್ನು ಸೇರಿ ಕರುಳಿನ ಗೋಡೆಯನ್ನು ತಲುಪುತ್ತದೆ.

ಆಕಾರದ ವಿವಾದ

ಮ್ಯಾಕ್‌ಬೇನ್ ರವರ ಎಲ್ಲ ನಿಲುವುಗಳೂ ಉಳಿದು ಬರಲಿಲ್ಲ. ಚಿಕ್ಕ ಗುಂಡನೆಯ ಮೈಸೆಲ್‌ಗಳ ಜೊತೆಗೆ, ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದಂತಹ ದೊಡ್ಡ ಮೈಸೆಲ್‌ಗಳೂ ಇವೆಯೆಂದು ಅವರು ನಂಬಿದ್ದರು. ಸಾಬೂನಿನ ದ್ರಾವಣಗಳ ಕ್ಷ-ಕಿರಣ ಚಿತ್ರಗಳಲ್ಲಿ ಎಣ್ಣೆ ಸೇರಿದಾಗ ಅಂತರವೊಂದು ಹಿಗ್ಗುವುದು ಕಂಡುಬಂದಾಗ, ಹಾಳೆಗಳ ನಡುವೆ ಎಣ್ಣೆ ಸೇರುತ್ತಿದೆಯೆಂದು ಅರ್ಥ ಮಾಡಲಾಯಿತು. ಇಂಗ್ಲೆಂಡಿನ ಜಿ. ಎಸ್. ಹಾರ್ಟ್ಲಿಯವರು 1936ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮೈಸೆಲ್ ಗುಂಡಗಿನದೆಂದೂ ಅದರ ತಿರುಳು ದ್ರವರೂಪದ್ದೆಂದೂ ವಾದಿಸಿದ್ದರು. ತೆಳು ದ್ರಾವಣಗಳ ಮಟ್ಟಿಗೆ ಹಾರ್ಟ್ಲಿಯವರ ಚಿತ್ರವೇ ಸರಿಯೆಂದು ಬೆಳಕಿನ ಚದುರುವಿಕೆಯ ಅಳತೆಗಳಿಂದ ಮುಂದೆ ತೀರ್ಮಾನವಾಯಿತು. ಹಾಳೆಯಂತಹ ಜೋಡಣೆಯು ಬಹಳ ಗಟ್ಟಿಯಾದ ಸಾಬೂನಿನಲ್ಲಿ ಮಾತ್ರ ಕಂಡುಬರುತ್ತದೆ. ಮೈಸೆಲ್ ಎಂಬುದೊಂದಿದೆಯೆಂದು ಜಗತ್ತನ್ನು ಒಪ್ಪಿಸಿದವರೇ ಅದರ ಆಕಾರದ ವಿಷಯದಲ್ಲಿ ಹಿಂದೆ ಬಿದ್ದುದು ವಿಚಿತ್ರವಾದರೂ, ಆಕಾರವನ್ನು ನಿರ್ಧರಿಸಲು ಬೇಕಾದ ಅಂಕಿಗಳಲ್ಲಿ ಹಲವು ಅವರ ಪ್ರಯೋಗಶಾಲೆಯವೇ ಆಗಿದ್ದವು.

ಸಾಬೂನಿನ ಹೊರತಾಗಿ, ಘನವಸ್ತುಗಳು ಆವಿಯನ್ನು ಹೀರುವ ಬಗೆಯೂ ಅವರ ಆಸಕ್ತಿಯ ಕ್ಷೇತ್ರವಾಗಿತ್ತು. ಸ್ಫಟಿಕಶಿಲೆಯ ಎಳೆಯನ್ನು ಸುರುಳಿಸುತ್ತಿ ಮಾಡಿದ ತಕ್ಕಡಿಯೊಂದನ್ನು 1926ರಲ್ಲಿ ಬಕ್ರ್ ಎಂಬ ಸಹೋದ್ಯೋಗಿಯೊಡನೆ ರೂಪಿಸಿದರು. ಹೀರಿದ ಆವಿಯ ತೂಕಕ್ಕೆ ಸುರುಳಿಯು ಎಷ್ಟು ಇಳಿಯುತ್ತದೆಂದು ನೋಡುವ ಈ ಸಾಧನದ ಮಾದರಿಯು ಬೆಂಗಳೂರಿಗೂ ಬಂದಿತು. ಸೆಂಟ್ರಲ್ ಕಾಲೇಜಿನ ಕೆ. ಸುಬ್ಬರಾವ್ ರವರು 1941ರಲ್ಲಿ ಪ್ರಕಟಿಸಿದ ಸಂಶೋಧನೆಗಳು ಇಂತಹ ಸುರುಳಿ ತಕ್ಕಡಿಯ ನೆರವಿನಿಂದ ನಡೆದವು. ರಾಯಲ್ ಸೊಸೈಟಿಯು 1939ರಲ್ಲಿ ಮ್ಯಾಕ್‌ಬೇನ್ ರವರಿಗೆ ಡೇವಿ ಪದಕವನ್ನು ನೀಡಿ ಗೌರವಿಸಿತು.

ಭಾರತದಲ್ಲಿ ಸೇವೆ

ಸ್ಟ್ಯಾನ್‌ಫರ್ಡ್‌ನಿಂದ 1947ರಲ್ಲಿ ನಿವೃತ್ತರಾದ ಮ್ಯಾಕ್‌ಬೇನ್ ರವರು ವಿಶ್ರಾಂತಿಯನ್ನು ಬಯಸಲಿಲ್ಲ. ಸ್ವತಂತ್ರ ಭಾರತವು ಆಗ ರಾಷ್ಟ್ರೀಯ ಪ್ರಯೋಗಶಾಲೆಗಳ ಸರಣಿಯನ್ನು ಕಟ್ಟುತ್ತಿತ್ತು. ಇದರ ನೇತೃತ್ವ ವಹಿಸಿದ್ದ ಡಾ. ಶಾಂತಿ ಸ್ವರೂಪ್ ಭಟ್ನಾಗರ್ ರವರೂ ಇದೇ ಕ್ಷೇತ್ರದ ರಸಾಯನ ವಿಜ್ಞಾನಿಯಾಗಿದ್ದರು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಶಾಲೆಯನ್ನು ಪ್ರಧಾನಮಂತ್ರಿ ಜವಾಹರಲಾಲ್ ನೆಹರೂರವರು 1950ರ ಜನವರಿ 3ರಂದು ಉದ್ಘಾಟಿಸಿದರು. ಸದರಿ ಸಂಸ್ಥೆಯ ಪ್ರಥಮ ನಿರ್ದೇಶಕರ ಹುದ್ದೆಯನ್ನು ಮ್ಯಾಕ್‌ಬೇನ್ ರವರು ವಹಿಸಿಕೊಂಡರು. ಆಗ ಅವರಿಗೆ 67 ವರ್ಷ. ಉಪಕರಣ, ಗ್ರಂಥಾಲಯ, ಸಿಬ್ಬಂದಿ ಎಲ್ಲವನ್ನೂ ಹೊಸದಾಗಿ ಹೊಂದಿಸಬೇಕಾದ ಕೆಲಸ ಅದಾಗಿತ್ತು. ಯಾವ ಕಛೇರಿಯಲ್ಲಾದರೂ ಹೊಸ ವಿಭಾಗವನ್ನು ತೆರೆದು ನಡೆಸಿದವರು ಅದರ ಭಾರವನ್ನು ಊಹಿಸಬಲ್ಲರು. ಕೊಲಾಯ್ಡ್ ವಿಜ್ಞಾನವನ್ನು ಕುರಿತ ಅವರ ಬೃಹತ್ ಗ್ರಂಥವು ಪ್ರಕಟವಾದುದೂ 1950ರಲ್ಲಿಯೇ.

ಮ್ಯಾಕ್‌ಬೇನ್ ರವರು 1952ರವರೆಗೆ ಪುಣೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದರು. 1953ರ ಮಾರ್ಚ್ 12ರಂದು, 71ನೆಯ ಜನ್ಮದಿನಕ್ಕೆ ಹತ್ತು ದಿನ ಮೊದಲು, ನಿಧನ ಹೊಂದಿದರು. ಮೈಸೆಲ್‌ಗಳು ಎಣ್ಣೆಯನ್ನು ಒಳಗೊಳ್ಳುವ ವಿಷಯದಲ್ಲಿ ಅದುವರೆಗೆ ಲಭ್ಯವಿದ್ದ ತಿಳಿವಳಿಕೆಯನ್ನು ಒಟ್ಟುಗೂಡಿಸಿದ ಗ್ರಂಥವೊಂದನ್ನು, ಬ್ರಿಸ್ಟಲಿನ ದಿನಗಳಿಂದಲೂ ಸಹಸಂಶೋಧಕಿಯಾಗಿದ್ದ ಅವರ ಪತ್ನಿ ಮೇರಿ ಲೇಂಗ್ ಮ್ಯಾಕ್‌ಬೇನ್ ರವರು ಎರಿಕ್ ಹಚಿನ್ಸನ್ ರವರೊಡಗೂಡಿ 1955ರಲ್ಲಿ ಹೊರತಂದರು. ಪುಣೆಯ ಪ್ರಯೋಗಶಾಲೆಯ ನಿರ್ದೇಶಕರ ಹುದ್ದೆಗೆ ಮ್ಯಾಕ್‌ಬೇನ್ ರವರ ನಂತರ ಜಿ. ಐ. ಫಿಂಚ್ ರವರೂ, 1957ರಲ್ಲಿ ಪ್ರಥಮ ಭಾರತೀಯ ನಿರ್ದೇಶಕರಾಗಿ ಕೆ. ವೆಂಕಟರಾಮನ್ ರವರೂ ಬಂದರು.